ಮೂರು ತಂತಿಗೆ ಸಾಲು ದೀಪ: ಶಿಫ್ಟ್ ರಿಜಿಸ್ಟರ್ ಮಾಡುವ ಕೆಲಸ, ಮಾಡದ ಕೆಲಸ

ಔಷಧಿ ಅಂಗಡಿ, ಬೇಕರಿ, ಸಹಕಾರಿ ಬ್ಯಾಂಕುಗಳ ಬಾಗಿಲ ಮೇಲೆ ಕೆಂಪು ಅಕ್ಷರ ಓಡುವ ಫಲಕಗಳು ಈಗ ಸಣ್ಣ ಊರುಗಳಲ್ಲೂ ಸಾಮಾನ್ಯ. ಅಂಥ ಫಲಕದ ಹಿಂಬದಿ ಬಿಚ್ಚಿದರೆ ಹೆಚ್ಚಾಗಿ ಸಿಗುವುದು ಪಿ10 ಎಂಬ ಪ್ಯಾನೆಲ್. ಅಡ್ಡಕ್ಕೆ 32, ಮೇಲಿನಿಂದ ಕೆಳಕ್ಕೆ 16, ಒಟ್ಟು 512 ಎಲ್ಇಡಿ. ಒಂದರಿಂದ ಇನ್ನೊಂದಕ್ಕೆ 10 ಮಿಲಿಮೀಟರ್ ದೂರ. ಇಷ್ಟು ದೀಪಗಳಿಗೆ ಅಪ್ಪಣೆ ಕೊಡಲು ಹೊರಗಿನಿಂದ ಬರುವ ಸಂಕೇತದ ತಂತಿಗಳು ಆರೇ ಆರು. ಉಳಿದ ಕೆಲಸವನ್ನೆಲ್ಲ ನೋಡಿಕೊಳ್ಳುವುದು ಹಿಂದೆ ಸಾಲಾಗಿ ಕುಳಿತ ಹದಿನಾರು ಪುಟ್ಟ ಐಸಿಗಳು. ಅವುಗಳ ಮೇಲೆ 74ಎಚ್‌ಸಿ595 ಎಂದು ಬರೆದಿರುತ್ತದೆ. ಎಂಟು ಬಿಟ್‌ನ ಶಿಫ್ಟ್ ರಿಜಿಸ್ಟರ್ ಅದು.

ಒಂದು ಸಾಲು ಎಲ್ಇಡಿಗಳನ್ನು ಕೆಲವೇ ತಂತಿಗಳಿಂದ, ನಮಗೆ ಬೇಕಾದ ಹಾಗೆ ಹತ್ತಿಸಿ ಆರಿಸುವುದು ಹೇಗೆ ಎಂಬ ಪ್ರಶ್ನೆಗೆ ಇಂದು ಹಲವು ಉತ್ತರಗಳಿವೆ. ಎಲ್ಲವೂ ಒಂದಲ್ಲ ಒಂದು ಬೆಲೆ ಕೇಳುತ್ತವೆ: ಕೆಲವು ಪಿನ್ನುಗಳಲ್ಲಿ, ಕೆಲವು ಸಮಯದಲ್ಲಿ, ಕೆಲವು ಬೆಳಕಿನಲ್ಲಿ. ಶಿಫ್ಟ್ ರಿಜಿಸ್ಟರ್ ಈ ಪ್ರಶ್ನೆಯ ಒಂದು ಭಾಗವನ್ನು ಮಾತ್ರ ಪೂರ್ತಿಯಾಗಿ ಬಿಡಿಸುತ್ತದೆ ಎಂಬುದು ನನ್ನ ವಾದ. ಯಾವ ದೀಪ ಹತ್ತಬೇಕು ಎಂಬ ಮಾಹಿತಿಯನ್ನು ಅದು ಅಚ್ಚುಕಟ್ಟಾಗಿ ತಲುಪಿಸುತ್ತದೆ. ಆ ದೀಪಕ್ಕೆ ಕರೆಂಟ್ ಎಲ್ಲಿಂದ, ಅದು ಎಷ್ಟು ಹೊತ್ತು ಉರಿಯಬೇಕು ಎಂಬುವು ಬೇರೆ ಎರಡು ಪ್ರಶ್ನೆಗಳು. ಮಾಹಿತಿ, ಸಮಯ, ಕರೆಂಟ್ ಈ ಮೂರನ್ನು ಒಂದೇ ಎಂದುಕೊಂಡಲ್ಲೆಲ್ಲ ಸರ್ಕೀಟು ಕೈಕೊಡುತ್ತದೆ.

ಪಿನ್ನುಗಳ ಲೆಕ್ಕದಿಂದಲೇ ಶುರು ಮಾಡೋಣ. ಆರ್ಡುಯಿನೊ ಯುನೊ ಬೋರ್ಡಿನಲ್ಲಿ ಬಳಸಬಹುದಾದ ಪಿನ್ನುಗಳು 20. ಎಂಟು ಎಲ್ಇಡಿಗೆ ಎಂಟು ಪಿನ್ ಕೊಟ್ಟರೆ ಚಿಂತೆಯಿಲ್ಲ. ಹದಿನಾರಾದರೆ ಸ್ವಿಚ್ಚು, ಸೆನ್ಸರ್‌ಗಳಿಗೆ ಜಾಗ ಉಳಿಯದು. ಮೂವತ್ತೆರಡಾದರೆ ಸಾಧ್ಯವೇ ಇಲ್ಲ. ದೊಡ್ಡ ಬೋರ್ಡ್ ಕೊಳ್ಳಬಹುದು ನಿಜ, ಆದರೆ ತಂತಿಗಳ ಸಂಖ್ಯೆ ಅದರಿಂದ ಕಡಿಮೆಯಾಗುವುದಿಲ್ಲ. ಮೂವತ್ತೆರಡು ತಂತಿ ಎಳೆದು, ಮೂವತ್ತೆರಡು ಕಡೆ ಬೆಸುಗೆ ಹಾಕಿ, ಅದರಲ್ಲಿ ಒಂದು ಸಡಿಲವಾದರೆ ಹುಡುಕುವ ಕೆಲಸ ಬಲ್ಲವರಿಗೇ ಗೊತ್ತು.

ಶಿಫ್ಟ್ ರಿಜಿಸ್ಟರ್‌ನ ಉಪಾಯ ಬಹಳ ಸರಳ. ಮನೆಗೆ ಮೋಲ್ಡ್ ಹಾಕುವ ದಿನ ಕಾಂಕ್ರೀಟ್ ತುಂಬಿದ ಬಾಂಡ್ಲಿಗಳು ಕೈಯಿಂದ ಕೈಗೆ ಮೇಲೇರುವುದನ್ನು ನೋಡಿದ್ದೇವಲ್ಲ, ಹಾಗೆ. ಸಾಲಿನಲ್ಲಿರುವ ಪ್ರತಿಯೊಬ್ಬರೂ ಒಂದೇ ಗಳಿಗೆಗೆ ತನ್ನ ಕೈಯಲ್ಲಿರುವುದನ್ನು ಮುಂದಿನವರಿಗೆ ಕೊಟ್ಟು ಹಿಂದಿನವರಿಂದ ತೆಗೆದುಕೊಳ್ಳುತ್ತಾರೆ. ರಿಜಿಸ್ಟರ್‌ನಲ್ಲಿ ಆ ಗಳಿಗೆಯನ್ನು ಹೇಳುವುದು ಕ್ಲಾಕ್ ಎಂಬ ತಂತಿ. ಸಾಲಿನ ಮೊದಲಿಗನ ಕೈಗೆ 0 ಅಥವಾ 1 ಇಡುವುದು ಡೇಟಾ ಎಂಬ ತಂತಿ. ಕ್ಲಾಕ್ ಎಂಟು ಸಲ ಮೇಲೆದ್ದರೆ ಎಂಟು ಬಿಟ್‌ಗಳು ಎಂಟು ಮನೆ ಸೇರುತ್ತವೆ. ಮೊದಲು ಒಳಗೆ ಹೋದದ್ದು ತೀರಾ ಕೊನೆಯ ಮನೆಯಲ್ಲಿರುತ್ತದೆ. ಇದನ್ನು ಮರೆತವರಿಗೆ ಸಾಲು ತಲೆಕೆಳಗಾಗಿ ಉರಿಯುತ್ತದೆ.

ಉಪಾಯ ಹೊಸದೇನೂ ಅಲ್ಲ. 1944ರಲ್ಲಿ ಬ್ರಿಟನ್ನಿನಲ್ಲಿ ಗೂಢಲಿಪಿ ಒಡೆಯಲು ಕಟ್ಟಿದ ಕೊಲೋಸಸ್ ಯಂತ್ರದ ಎರಡನೆಯ ಮಾದರಿಯಲ್ಲಿ ವಾಲ್ವ್‌ಗಳಿಂದ ಮಾಡಿದ ಶಿಫ್ಟ್ ರಿಜಿಸ್ಟರ್ ಇತ್ತು. ಓಡುವ ಅಕ್ಷರದ ಕಲ್ಪನೆ ಅದಕ್ಕೂ ಹಿಂದಿನದು. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ 1928ರ ನವೆಂಬರ್ 6ರಂದು ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶ ತೋರಿಸಿದ ಸುದ್ದಿ ಪಟ್ಟಿಯಲ್ಲಿ 14,800 ಬಲ್ಬುಗಳಿದ್ದವು. ಅಲ್ಲಿ ಅಕ್ಷರಗಳ ಅಚ್ಚುಗಳೇ ಸರಪಳಿಯಲ್ಲಿ ಸಾಗಿ ವಿದ್ಯುತ್ ಸಂಪರ್ಕಗಳನ್ನು ಮುಟ್ಟುತ್ತಾ ಹೋಗುತ್ತಿದ್ದವು. ಬಲ್ಬುಗಳು ಆ ಚಲನೆಯನ್ನು ಅನುಸರಿಸಿ ಹತ್ತಿ ಆರುತ್ತಿದ್ದವು. ಅಚ್ಚಿನ ಬದಲು ಬಿಟ್, ಸರಪಳಿಯ ಬದಲು ಕ್ಲಾಕ್ ಎಂದು ಓದಿಕೊಂಡರೆ ಇಂದಿನ ಫಲಕ ಸಿಗುತ್ತದೆ.

ಎಲ್ಇಡಿಗೆ ಶಿಫ್ಟ್ ರಿಜಿಸ್ಟರ್ ಎಂದಾಗ ಮೊದಲು ಕೈಗೆ ಬರುವುದು ಎರಡು ಐಸಿಗಳು, 74ಎಚ್‌ಸಿ164 ಮತ್ತು 74ಎಚ್‌ಸಿ595. ಇವುಗಳ ನಡುವಿನ ವ್ಯತ್ಯಾಸವನ್ನು ಸರಿಯಾಗಿ ಕಂಡುಕೊಂಡರೆ ಸಮಯದ ಪ್ರಶ್ನೆ ಅರ್ಧ ಬಿಡಿಸಿದಂತೆ. 164ರಲ್ಲಿ ಮನೆಗಳ ಹೊರಪಿನ್ನುಗಳು ನೇರವಾಗಿ ಎಲ್ಇಡಿಗೆ ಹೋಗುತ್ತವೆ. ಹೀಗಾಗಿ ಬಿಟ್‌ಗಳು ಒಳಗೆ ಸಾಗುವಾಗ ದಾರಿಯಲ್ಲಿರುವ ಪ್ರತಿ ದೀಪವೂ ಒಂದು ಕ್ಷಣ ಹತ್ತಿ ಆರುತ್ತದೆ. ಆರ್ಡುಯಿನೊದ ಶಿಫ್ಟ್‌ಔಟ್ ಎಂಬ ಸಿದ್ಧ ಆದೇಶ ಎಂಟು ಬಿಟ್ ತಳ್ಳಲು ಸುಮಾರು 100 ಮೈಕ್ರೋಸೆಕೆಂಡ್ ತೆಗೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 30 ಸಲ ಚಿತ್ರ ಬದಲಿಸಿದರೆ ಈ ಗಲಿಬಿಲಿಯ ಸಮಯ ಒಟ್ಟು ಸಮಯದ ಶೇ 0.3 ಮಾತ್ರ, ಕಣ್ಣಿಗೆ ಹೆಚ್ಚೇನೂ ತಿಳಿಯದು. ಬೆಳಕು ತಗ್ಗಿಸಿ ಏರಿಸಬೇಕೆಂದು ಸೆಕೆಂಡಿಗೆ 1000 ಸಲ ಬದಲಿಸಿದರೆ ಅದೇ ಶೇ 10 ಆಗುತ್ತದೆ. ಆರಿರಬೇಕಾದ ದೀಪಗಳು ಮಂಕಾಗಿ ಮಿನುಗತೊಡಗುತ್ತವೆ.

595ರಲ್ಲಿ ಎರಡು ಸಾಲು ಮನೆಗಳಿವೆ. ಬಿಟ್‌ಗಳು ಸಾಗುವುದು ಒಳಗಿನ ಸಾಲಿನಲ್ಲಿ. ಎಲ್ಇಡಿ ನೋಡುವುದು ಹೊರಗಿನ ಸಾಲನ್ನು. ಲ್ಯಾಚ್ ಎಂಬ ಮೂರನೆಯ ತಂತಿ ಮೇಲೆದ್ದಾಗ ಮಾತ್ರ ಒಳಗಿನದೆಲ್ಲ ಒಂದೇ ಏಟಿಗೆ ಹೊರಗಿನ ಸಾಲಿಗೆ ನಕಲಾಗುತ್ತದೆ. ಅಷ್ಟರವರೆಗೆ ಹಳೆಯ ಚಿತ್ರ ಅಲ್ಲಾಡದೆ ನಿಂತಿರುತ್ತದೆ. ಜೊತೆಗೆ ಒಳಗಿನ ಸಾಲಿನ ಕೊನೆಯ ಬಿಟ್‌ಗೆ ಒಂಬತ್ತನೆಯ ಪಿನ್ನಿನಲ್ಲಿ ಬೇರೆಯೇ ಒಂದು ಬಾಗಿಲಿದೆ. ಅದನ್ನು ಮುಂದಿನ ಐಸಿಯ ಡೇಟಾ ಪಿನ್ನಿಗೆ ಜೋಡಿಸಿದರೆ 8 ದೀಪ 16 ಆಗುತ್ತದೆ, 24 ಆಗುತ್ತದೆ. ಮೈಕ್ರೋಕಂಟ್ರೋಲರ್ ಕಡೆಯ ಪಿನ್ನುಗಳು ಮೂರೇ ಉಳಿಯುತ್ತವೆ. ಈ ಬಾಗಿಲು ಲ್ಯಾಚಿಗಾಗಿ ಕಾಯುವುದಿಲ್ಲ ಎಂಬುದು ಜಾಣತನದ ವಿನ್ಯಾಸ. ಇಡೀ ಸರಪಳಿ ಮೊದಲು ತುಂಬಿಕೊಳ್ಳುತ್ತದೆ, ಆಮೇಲೆ ಎಲ್ಲ ದೀಪಗಳೂ ಒಟ್ಟಿಗೆ ಬದಲಾಗುತ್ತವೆ.

ಈ ಲ್ಯಾಚ್‌ನ ಬಗ್ಗೆ ಒಂದು ತಪ್ಪು ಪಾಠ ಬಹಳ ವರ್ಷ ಪ್ರಚಾರದಲ್ಲಿತ್ತು. ದೀಪಗಳು ಮಿನುಗಿದರೆ ಲ್ಯಾಚ್ ತಂತಿಗೂ ಗ್ರೌಂಡಿಗೂ ನಡುವೆ ಒಂದು ಕೆಪಾಸಿಟರ್ ಹಾಕಿ ಎಂಬ ಸಲಹೆ ಹೆಸರಾದ ಆರಂಭಿಕ ಪಾಠವೊಂದರ ಚಿತ್ರದಲ್ಲೇ ಇತ್ತು. ಅದನ್ನು ನೋಡಿ ಕಲಿತವರು ಅದನ್ನೇ ಮುಂದೆ ಕಲಿಸಿದರು. ಸಂಕೇತದ ತಂತಿಗೆ ಕೆಪಾಸಿಟರ್ ಹಾಕಿದರೆ ಚೂಪಾಗಿ ಏಳಬೇಕಾದ ಅಂಚು ನಿಧಾನವಾಗಿ ಏಳುತ್ತದೆ, ಐಸಿಗೆ ಅದು ಒಂದೇ ಏರಿಕೆಯೋ ಹಲವೋ ಎಂಬುದು ಅನುಮಾನವಾಗುತ್ತದೆ. ಕೆಪಾಸಿಟರ್ ಬೇಕಾದ ಜಾಗ ಬೇರೆ. ಐಸಿಯ ವಿದ್ಯುತ್ ಪಿನ್ನಿಗೂ ಗ್ರೌಂಡಿಗೂ ನಡುವೆ, ಐಸಿಯ ಮೈಗೆ ಅಂಟಿಕೊಂಡ ಹಾಗೆ, 0.1 ಮೈಕ್ರೋಫ್ಯಾರಡ್‌ನ ಒಂದು ಸೆರಾಮಿಕ್ ಬಿಲ್ಲೆ. ಎಂಟು ದೀಪ ಒಮ್ಮೆಗೇ ಹತ್ತಿದಾಗ ವೋಲ್ಟೇಜ್ ಕ್ಷಣಕಾಲ ಕುಸಿಯುವುದನ್ನು ತಡೆಯುವುದು ಅದೇ. ಮಿನುಗುವಿಕೆಯ ದೂರುಗಳಿಗೆ ಈ ಪುಟ್ಟ ಬಿಲ್ಲೆ ಇಲ್ಲದಿರುವುದೂ ಮೂಲವಾಗಿರಬಹುದು.

ಈಗ ಕರೆಂಟಿನ ಮಾತು. ಇಲ್ಲಿ ನಿಂತು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಸಾವಿರಾರು ವಿದ್ಯಾರ್ಥಿಗಳು ಕಟ್ಟುವ ಸರ್ಕೀಟು ಇಲ್ಲಿಯೇ ಮಿತಿ ಮೀರುತ್ತದೆ. 74ಎಚ್‌ಸಿ595ರ ದತ್ತಾಂಶ ಪತ್ರದಲ್ಲಿ ಎರಡು ಸಂಖ್ಯೆಗಳಿವೆ. ಒಂದು ಪಿನ್ನಿನಿಂದ ಎಳೆಯಬಹುದಾದ ಗರಿಷ್ಠ 35 ಮಿಲಿಆಂಪ್. ಇಡೀ ಐಸಿಯ ವಿದ್ಯುತ್ ಪಿನ್ ಅಥವಾ ಗ್ರೌಂಡ್ ಪಿನ್ನಿನ ಮೂಲಕ ಹರಿಯಬಹುದಾದ ಗರಿಷ್ಠ 70 ಮಿಲಿಆಂಪ್. ಮೊದಲನೆಯದನ್ನು ಓದಿ ಎಲ್ಲರೂ ನಿಶ್ಚಿಂತರಾಗುತ್ತಾರೆ. ಎರಡನೆಯದೇ ಕಡಿವಾಣ.

ಲೆಕ್ಕ ಹಾಕೋಣ. ಕೆಂಪು ಎಲ್ಇಡಿ ಸುಮಾರು 2 ವೋಲ್ಟ್ ಇಟ್ಟುಕೊಳ್ಳುತ್ತದೆ. 5 ವೋಲ್ಟ್ ಸರಬರಾಜಿನಲ್ಲಿ ರೆಸಿಸ್ಟರ್‌ಗೆ ಉಳಿಯುವುದು 3 ವೋಲ್ಟ್. ಹವ್ಯಾಸಿಗಳ ಡಬ್ಬಿಯಲ್ಲಿ ಸದಾ ಇರುವ 220 ಓಮ್ ಹಾಕಿದರೆ ಒಂದು ದೀಪಕ್ಕೆ 13.6 ಮಿಲಿಆಂಪ್, ಎಂಟೂ ಉರಿದರೆ 109. 330 ಓಮ್ ಹಾಕಿದರೂ ತಲಾ 9, ಒಟ್ಟು 73ರ ಹತ್ತಿರ. ಎರಡೂ ಗಡಿಯ ಆಚೆಗೇ. ಐಸಿಯೊಳಗಿನ ಟ್ರಾನ್ಸಿಸ್ಟರುಗಳ ತಡೆಯಿಂದಾಗಿ ನಿಜವಾಗಿ ಹರಿಯುವುದು ಇದಕ್ಕಿಂತ ಕಡಿಮೆ, ಆದ್ದರಿಂದಲೇ ಐಸಿ ಕೂಡಲೇ ಸುಡುವುದಿಲ್ಲ, ಬೆಚ್ಚಗಾಗಿ ಸಹಿಸಿಕೊಳ್ಳುತ್ತದೆ. ಕೆಲಸ ಮಾಡುತ್ತಿದೆಯಲ್ಲ ಎಂಬ ಸಮಾಧಾನ ಇಲ್ಲಿ ಸಲ್ಲದು. ಆ 70 ಎಂಬುದು ದಾಟಬಾರದ ಗೆರೆ, ದಿನವೂ ನಡೆಯುವ ದಾರಿಯಲ್ಲ. 470 ಓಮ್ ಹಾಕಿದರೆ ಒಟ್ಟು 51 ಮಿಲಿಆಂಪ್, 1000 ಓಮ್ ಹಾಕಿದರೆ 24. ಈಗಿನ ಪ್ರಖರ ಎಲ್ಇಡಿಗಳು 3 ಮಿಲಿಆಂಪ್‌ನಲ್ಲಿ ಮನೆಯೊಳಗೆ ಕಣ್ಣು ಕುಕ್ಕುವಷ್ಟು ಬೆಳಗುತ್ತವೆ. ಹಾಗಾಗಿ ಸೂಚಕ ದೀಪದ ಸಾಲಿಗೆ 1000 ಓಮ್ ರೆಸಿಸ್ಟರೇ ಸಾಕು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ರೆಸಿಸ್ಟರ್ ಉಳಿಸುವ ಆಸೆಗೆ ಎಂಟೂ ದೀಪಗಳ ಗ್ರೌಂಡ್ ಕಡೆಯನ್ನು ಸೇರಿಸಿ ಒಂದೇ ರೆಸಿಸ್ಟರ್ ಹಾಕುವುದೂ ಉಂಟು. ಒಂದು ಹತ್ತಿದಾಗ ಪ್ರಖರ, ಎಂಟು ಹತ್ತಿದಾಗ ಮಂಕು. ದೀಪಗಳ ಸಂಖ್ಯೆಯೇ ಬೆಳಕಿನ ಪ್ರಮಾಣವನ್ನು ನಿರ್ಧರಿಸುವ ಸಾಲು ಯಾರಿಗೂ ಬೇಡ.

ಹೊರಾಂಗಣದ ಫಲಕ, 12 ವೋಲ್ಟಿನ ಪಟ್ಟಿ ದೀಪ, ಕಾರಿನ ಸೂಚಕದಂಥ ದೊಡ್ಡ ಬಳಕೆಗೆ 595 ಒಂದರಿಂದಲೇ ಆಗದು. ಮಾಹಿತಿಯನ್ನು ಅದಕ್ಕೇ ಬಿಟ್ಟು ಕರೆಂಟಿಗೆ ಬೇರೆ ಆಳನ್ನು ನೇಮಿಸಬೇಕು. ಹಳೆಯ ದಾರಿ ಎಂದರೆ ಅದರ ಹಿಂದೆ ಯುಎಲ್‌ಎನ್2803 ಎಂಬ ಎಂಟು ಡಾರ್ಲಿಂಗ್ಟನ್ ಟ್ರಾನ್ಸಿಸ್ಟರುಗಳ ಐಸಿ ಇಡುವುದು. 50 ವೋಲ್ಟ್, ಪ್ರತಿ ದಾರಿಗೆ 500 ಮಿಲಿಆಂಪ್‌ವರೆಗೆ ತಡೆದುಕೊಳ್ಳುತ್ತದೆ. ತನ್ನಲ್ಲೇ ಸುಮಾರು 1 ವೋಲ್ಟ್ ಕಳೆದು ಬಿಸಿಯಾಗುತ್ತದೆ. ಎರಡನ್ನೂ ಒಂದೇ ಪೊಟ್ಟಣದಲ್ಲಿ ಕೊಡುವ ಟಿಪಿಐಸಿ6ಬಿ595 ಇನ್ನೂ ಅಚ್ಚುಕಟ್ಟು. ಒಳಗೆ 595ರ ಹಾಗೆಯೇ ಎರಡು ಸಾಲು, ಹೊರಬಾಗಿಲಲ್ಲಿ 50 ವೋಲ್ಟ್‌ವರೆಗೆ ತಾಳಿಕೊಂಡು ತಲಾ 150 ಮಿಲಿಆಂಪ್ ಸಾಗಿಸುವ ಎಫ್‌ಇಟಿಗಳು. ಇವೆರಡೂ ಕರೆಂಟನ್ನು ಗ್ರೌಂಡಿನ ಕಡೆಗೆ ಎಳೆಯಬಲ್ಲವೇ ಹೊರತು ಹೊರಗೆ ಕೊಡಲಾರವು. ಎಲ್ಇಡಿಯ ಪಾಸಿಟಿವ್ ಕಾಲು ಸರಬರಾಜಿಗೆ, ನೆಗೆಟಿವ್ ಕಾಲು ಐಸಿಗೆ. 595ರಲ್ಲಿ ಮಾಡಿಟ್ಟ ಜೋಡಣೆಯನ್ನು ಹಾಗೆಯೇ ಇಲ್ಲಿಗೆ ತಂದರೆ ಒಂದು ದೀಪವೂ ಹತ್ತುವುದಿಲ್ಲ.

ಇನ್ನೂ ಒಂದು ಮೆಟ್ಟಿಲು ಮೇಲೆ ಸ್ಥಿರ ಕರೆಂಟಿನ ಡ್ರೈವರುಗಳಿವೆ. ಟಿಎಲ್‌ಸಿ5916, ಎಂಬಿಐ5026 ಈ ಬಗೆಯವು. ಎಲ್ಇಡಿಗೆ ಒಂದೊಂದು ರೆಸಿಸ್ಟರ್ ಬೇಡ. ಐಸಿಗೆ ಒಂದು ರೆಸಿಸ್ಟರ್ ಹಾಕಿದರೆ ಅದೇ ಎಲ್ಲ ದಾರಿಗಳ ಕರೆಂಟನ್ನೂ ನಿಗದಿ ಮಾಡುತ್ತದೆ. ಸರಬರಾಜು ಸ್ವಲ್ಪ ಏರಿಳಿದರೂ, ಒಂದು ದೀಪದ ವೋಲ್ಟೇಜ್ ಇನ್ನೊಂದಕ್ಕಿಂತ ತುಸು ಬೇರೆಯಿದ್ದರೂ ಬೆಳಕು ಸಮನಾಗಿರುತ್ತದೆ. ಮದುವೆ ಮಂಟಪದಲ್ಲೂ ಕ್ರೀಡಾಂಗಣದಲ್ಲೂ ನಿಲ್ಲಿಸುವ ಬಣ್ಣದ ದೊಡ್ಡ ಪರದೆಗಳ ಬೆನ್ನೆಲುಬು ಈ ಜಾತಿಯ ಐಸಿಗಳೇ. ಮುಟ್ಟಿ ನೋಡಿದರೆ ಒಳಗಿನ ಹೃದಯ ಅದೇ ಶಿಫ್ಟ್ ರಿಜಿಸ್ಟರ್.

ಬೆಳಕಿನ ಪ್ರಮಾಣ ಬದಲಿಸುವುದು ಸಮಯದ ಪ್ರಶ್ನೆ. ಇಡೀ ಸಾಲನ್ನು ಒಟ್ಟಿಗೆ ತಗ್ಗಿಸಬೇಕಾದರೆ 595ರ ಹದಿಮೂರನೆಯ ಪಿನ್, ಅಂದರೆ ಔಟ್‌ಪುಟ್ ಎನೇಬಲ್, ಸಾಕು. ಅದನ್ನು ಮೇಲಕ್ಕೆತ್ತಿದರೆ ಎಂಟೂ ಆರುತ್ತವೆ, ಕೆಳಕ್ಕಿಳಿಸಿದರೆ ಲ್ಯಾಚಿನಲ್ಲಿದ್ದಂತೆ ಹತ್ತುತ್ತವೆ. ಆ ಪಿನ್ನಿಗೆ ವೇಗವಾಗಿ ಪಲ್ಸ್ ಕೊಟ್ಟರೆ ಕಣ್ಣಿಗೆ ಬೆಳಕು ತಗ್ಗಿದಂತೆ ಕಾಣುತ್ತದೆ. ಇದೇ ಪಿನ್ನಿಗೆ ಇನ್ನೊಂದು ಉಪಯೋಗವಿದೆ. ಕರೆಂಟ್ ಬಂದ ಗಳಿಗೆಯಲ್ಲಿ 595ರ ಮನೆಗಳಲ್ಲಿ ಏನಿರುತ್ತದೆ ಎಂದು ಯಾರೂ ಹೇಳಲಾರರು. ಸಾಲು ಯದ್ವಾತದ್ವಾ ಹತ್ತಿಕೊಳ್ಳುತ್ತದೆ. ಔಟ್‌ಪುಟ್ ಎನೇಬಲ್‌ಗೆ ಒಂದು ರೆಸಿಸ್ಟರ್ ಹಾಕಿ ಮೇಲಕ್ಕೆ ಕಟ್ಟಿಟ್ಟು, ಪ್ರೋಗ್ರಾಂ ಮೊದಲ ಚಿತ್ರ ತಳ್ಳಿದ ಮೇಲೆ ಕೆಳಕ್ಕಿಳಿಸಿದರೆ ಈ ಮುಜುಗರ ತಪ್ಪುತ್ತದೆ. ದೀಪದ ಬದಲು ರಿಲೇ ಅಥವಾ ಮೋಟರ್ ಇದ್ದರಂತೂ ಇದು ಸುರಕ್ಷತೆಯ ಮಾತು.

ಒಂದೊಂದು ದೀಪದ ಬೆಳಕನ್ನೂ ಬೇರೆ ಬೇರೆ ಇಡಬೇಕಾದಾಗ ಕೆಲಸ ಹೆಚ್ಚುತ್ತದೆ. 64 ದೀಪ, 256 ಹಂತದ ಬೆಳಕು, ಸೆಕೆಂಡಿಗೆ 100 ಚಿತ್ರ ಎಂದುಕೊಳ್ಳಿ. ಮುಗ್ಧ ರೀತಿಯಲ್ಲಿ ಮಾಡಿದರೆ ಸೆಕೆಂಡಿಗೆ 25,600 ಸಲ ಇಡೀ ಸರಪಳಿಯನ್ನು ತುಂಬಬೇಕು, ಅಂದರೆ 16 ಲಕ್ಷಕ್ಕೂ ಹೆಚ್ಚು ಬಿಟ್. ಇದಕ್ಕಿಂತ ಜಾಣ ದಾರಿ ಒಂದಿದೆ. ಪ್ರತಿ ಚಿತ್ರದ ಸಮಯವನ್ನು 1, 2, 4, 8 ಎಂದು ದುಪ್ಪಟ್ಟಾಗುತ್ತಾ ಹೋಗುವ ಎಂಟು ತುಂಡು ಮಾಡಿ, ಬೆಳಕಿನ ಸಂಖ್ಯೆಯ ಎಂಟು ಬಿಟ್‌ಗಳಲ್ಲಿ ಒಂದೊಂದನ್ನು ಒಂದೊಂದು ತುಂಡಿನಲ್ಲಿ ತೋರಿಸುವುದು. ಬಿಟ್ ಆ್ಯಂಗಲ್ ಮಾಡ್ಯುಲೇಷನ್ ಎಂದು ಇದರ ಹೆಸರು. ಚಿತ್ರವೊಂದಕ್ಕೆ ಎಂಟೇ ತುಂಬುವಿಕೆ, ಸೆಕೆಂಡಿಗೆ 800. ಆದರೆ ಅತಿ ಚಿಕ್ಕ ತುಂಡು 10 ಮಿಲಿಸೆಕೆಂಡಿನಲ್ಲಿ 255ನೆಯ ಒಂದು ಪಾಲು, ಸುಮಾರು 39 ಮೈಕ್ರೋಸೆಕೆಂಡ್. ಅಷ್ಟರೊಳಗೆ ಮುಂದಿನ ಸಾಲು ತುಂಬಿರಬೇಕು. ಶಿಫ್ಟ್‌ಔಟ್ ಆದೇಶದ ಕೈಲಿ ಇದು ಆಗದು. ಒಂದೇ ಐಸಿಗೆ ಅದು ನೂರು ಮೈಕ್ರೋಸೆಕೆಂಡ್ ಕೇಳುತ್ತದೆ. ಅದೇ ಯುನೊ ಬೋರ್ಡಿನಲ್ಲಿರುವ ಎಸ್‌ಪಿಐ ಯಂತ್ರಾಂಶ 8 ಮೆಗಾಹರ್ಟ್ಸ್‌ನಲ್ಲಿ 64 ಬಿಟ್‌ಗಳನ್ನು 8 ಮೈಕ್ರೋಸೆಕೆಂಡಿನಲ್ಲಿ ತಳ್ಳಬಲ್ಲದು. ಸರಪಳಿ 40 ಐಸಿಗೆ ಬೆಳೆದರೆ ಅದಕ್ಕೂ 40 ಮೈಕ್ರೋಸೆಕೆಂಡ್ ಬೇಕಾಗುತ್ತದೆ, ಮತ್ತೆ ಸಿಕ್ಕಿಕೊಳ್ಳುತ್ತೇವೆ. ಮೂರು ತಂತಿಯಲ್ಲಿ ಎಷ್ಟು ದೀಪ ಬೇಕಾದರೂ ಹತ್ತಿಸಬಹುದು ಎಂಬ ಮಾತು ನಿಜವಾದರೂ ಎಷ್ಟು ವೇಗವಾಗಿ ಎಂಬ ಷರತ್ತು ಅದರ ಬೆನ್ನಿಗಿದೆ. ಈ ಹೊರೆಯನ್ನು ಐಸಿಯೇ ಹೊರಲಿ ಎನ್ನುವವರಿಗೆ ಟಿಎಲ್‌ಸಿ5940 ಇದೆ: 16 ದಾರಿ, ಪ್ರತಿಯೊಂದಕ್ಕೂ 4096 ಹಂತದ ಬೆಳಕು.

ತಂತಿ ಉದ್ದವಾದಾಗ ಮತ್ತೊಂದು ಸಂಗತಿ ತಲೆಯೆತ್ತುತ್ತದೆ. ಬ್ರೆಡ್‌ಬೋರ್ಡಿನ ಮೇಲೆ ಚೆನ್ನಾಗಿ ಓಡಿದ ಸರಪಳಿ ಎರಡು ಮೀಟರ್ ತಂತಿಯಲ್ಲಿ ಹುಚ್ಚಾಗುತ್ತದೆ. ಕ್ಲಾಕ್‌ನ ಅಂಚು ತಂತಿಯ ತುದಿಯಿಂದ ಪ್ರತಿಧ್ವನಿಸಿ ಒಂದು ಏರಿಕೆ ಎರಡಾಗಿ ಕಾಣಬಹುದು. ಇಲ್ಲವೆ ಕ್ಲಾಕ್ ಎರಡನೆಯ ಐಸಿಗೆ ತಡವಾಗಿ ತಲುಪಿ, ಅಷ್ಟರಲ್ಲಿ ಮೊದಲನೆಯದು ತನ್ನ ಕೊನೆಯ ಬಿಟ್ ಬದಲಿಸಿಬಿಟ್ಟಿದ್ದರೆ ಒಂದು ಬಿಟ್ ಕಳೆದುಹೋಗುತ್ತದೆ. ಕ್ಲಾಕ್ ಹೊರಡುವಲ್ಲಿ 100 ಓಮ್ ಆಸುಪಾಸಿನ ಒಂದು ರೆಸಿಸ್ಟರ್, ಪ್ರತಿ ಬೋರ್ಡಿನ ಬಾಗಿಲಲ್ಲಿ ಸಂಕೇತವನ್ನು ಮತ್ತೆ ಗಟ್ಟಿಮಾಡುವ ಬಫರ್, ಸಂಕೇತದ ಜೊತೆಗೇ ಓಡುವ ಗ್ರೌಂಡ್ ತಂತಿ ಇದಕ್ಕೆ ಮದ್ದು. ಪಿ10 ಪ್ಯಾನೆಲ್‌ನಲ್ಲಿ 595ಗಳ ಪಕ್ಕದಲ್ಲೇ 74ಎಚ್‌ಸಿ245 ಎಂಬ ಬಫರ್ ಕೂತಿರುವುದು ಈ ಕಾರಣಕ್ಕೇ.

ಇಎಸ್‌ಪಿ32ರಂಥ 3.3 ವೋಲ್ಟಿನ ಬೋರ್ಡುಗಳು ಬಂದ ಮೇಲೆ ಇನ್ನೊಂದು ಮರೆಯ ದೋಷ ಸೇರಿಕೊಂಡಿದೆ. 5 ವೋಲ್ಟ್‌ನಲ್ಲಿ ನಡೆಯುವ ಎಚ್‌ಸಿ ಕುಟುಂಬದ ಐಸಿ 1 ಎಂದು ಖಚಿತವಾಗಿ ಒಪ್ಪಲು ಸುಮಾರು 3.5 ವೋಲ್ಟ್ ಬೇಕು. 3.3 ಕೊಟ್ಟರೆ ಹೆಚ್ಚಿನ ಸಲ ನಡೆಯುತ್ತದೆ, ಒಮ್ಮೊಮ್ಮೆ ನಡೆಯುವುದಿಲ್ಲ. ಇಂಥ ತಪ್ಪು ಪೂರ್ತಿ ಕೆಟ್ಟ ಸರ್ಕೀಟಿಗಿಂತ ಹೆಚ್ಚು ಕಾಡುತ್ತದೆ. 2 ವೋಲ್ಟನ್ನೇ 1 ಎಂದು ಒಪ್ಪುವ 74ಎಚ್‌ಸಿಟಿ595 ಕೊಂಡರೆ ಮುಗಿಯಿತು. ಹೆಸರಿನಲ್ಲಿ ಒಂದಕ್ಷರದ ವ್ಯತ್ಯಾಸ.

ಶಿಫ್ಟ್ ರಿಜಿಸ್ಟರ್ ಬಿಟ್ಟು ಬೇರೆ ದಾರಿಗಳನ್ನೂ ನೋಡಬೇಕು. ಬೆಂಗಳೂರಿನ ಎಸ್‌ಪಿ ರೋಡಿನ ಬಿಡಿಭಾಗದ ಅಂಗಡಿಗಳಿಂದ ಕಿಟ್ ತಂದು ಕಲಿತ ಹಲವರ ಮೊದಲ ಓಡುವ ದೀಪ 555 ಟೈಮರ್ ಮತ್ತು 4017 ಕೌಂಟರ್‌ನದು. ಪ್ರೋಗ್ರಾಂ ಬೇಡ, ಹತ್ತು ದೀಪ ಒಂದಾದ ಮೇಲೊಂದು ಹತ್ತುತ್ತವೆ. ಒಂದು ಸಲಕ್ಕೆ ಒಂದೇ, ಸದಾ ಅದೇ ಕ್ರಮ. ಮೈಕ್ರೋಕಂಟ್ರೋಲರ್ ಇದ್ದೂ ಐಸಿ ಬೇಡ ಎನ್ನುವವರಿಗೆ ಚಾರ್ಲಿಪ್ಲೆಕ್ಸಿಂಗ್ ಇದೆ. ಪಿನ್ನಿಗೆ ಮೇಲೆ, ಕೆಳಗೆ ಎಂಬ ಎರಡು ಸ್ಥಿತಿಗಳ ಜೊತೆ ಸುಮ್ಮನಿರುವ ಮೂರನೆಯ ಸ್ಥಿತಿಯೂ ಇದೆ ಎಂಬುದನ್ನು ಬಳಸಿಕೊಂಡು ಐದು ಪಿನ್ನಿನಲ್ಲಿ 20 ದೀಪಗಳನ್ನು ಸರದಿಯಂತೆ ಹತ್ತಿಸುವ ಸೊಗಸಾದ ತಂತ್ರ. ದೀಪ ಹೆಚ್ಚಿದಂತೆ ಒಂದೊಂದಕ್ಕೆ ಸಿಗುವ ಸಮಯ ಕಡಿಮೆಯಾಗಿ ಬೆಳಕು ಕುಗ್ಗುತ್ತದೆ, ಒಂದು ಎಲ್ಇಡಿ ಕೆಟ್ಟರೆ ಪತ್ತೆ ಹಚ್ಚುವುದು ಕಷ್ಟ. ಎಂಸಿಪಿ23017ರಂಥ ಐ2ಸಿ ವಿಸ್ತರಣೆಯ ಐಸಿಗಳು ಎರಡೇ ತಂತಿಯಲ್ಲಿ 16 ಪಿನ್ ಕೊಡುತ್ತವೆ, ಎಂಟು ವಿಳಾಸಗಳಿಂದ 128ರವರೆಗೆ. ಅವು ಪಿನ್ನನ್ನು ಓದಲೂ ಬಲ್ಲವು. ಸ್ವಿಚ್ಚು ಮತ್ತು ದೀಪ ಎರಡೂ ಬೇಕಾದಲ್ಲಿ ಅವೇ ಸರಿ, ಬರೀ ದೀಪಕ್ಕೆ ದುಬಾರಿ ಮತ್ತು ನಿಧಾನ. ಮ್ಯಾಕ್ಸ್7219 ಒಂದೇ ಐಸಿಯಲ್ಲಿ 64 ಎಲ್ಇಡಿಗಳನ್ನು ತಾನೇ ಸರದಿ ಹಾಕಿ ಹತ್ತಿಸುತ್ತದೆ, ಒಂದೇ ರೆಸಿಸ್ಟರ್ ಸಾಕು. ಅಂಕಿ ತೋರಿಸುವ ಫಲಕಕ್ಕೆ ನನ್ನ ಮೊದಲ ಆಯ್ಕೆ ಅದು. ಅದರ ಬಾಗಿಲಲ್ಲಿ ಇರುವುದೂ 16 ಬಿಟ್‌ನ ಶಿಫ್ಟ್ ರಿಜಿಸ್ಟರ್.

ಇಂದಿನ ದೊಡ್ಡ ಪೈಪೋಟಿ ಮಾತ್ರ ಡಬ್ಲ್ಯುಎಸ್2812 ಎಂಬ ಬಣ್ಣದ ಎಲ್ಇಡಿಯದು. ಐಸಿ ಎಲ್ಇಡಿಯ ಒಡಲೊಳಗೇ ಇದೆ. ಡೇಟಾಗೆ ಒಂದೇ ತಂತಿ, ಕ್ಲಾಕ್ ಇಲ್ಲ. ಪಲ್ಸ್ ಅಗಲವಿದ್ದರೆ 1, ಕಿರಿದಾಗಿದ್ದರೆ 0. ಹಬ್ಬಕ್ಕೆ ಸೀರಿಯಲ್ ಸೆಟ್ ಕಟ್ಟುತ್ತಿದ್ದ ಕಡೆಗಳಲ್ಲಿ ಈಗ ಇದರ ಪಟ್ಟಿಗಳು ಕಾಣುತ್ತಿವೆ. ಇದು ಶಿಫ್ಟ್ ರಿಜಿಸ್ಟರ್‌ನ ವಂಶದ್ದೇ, ಆದರೆ ನಡವಳಿಕೆ ತಿರುವುಮುರುವು. 595ರ ಸರಪಳಿಯಲ್ಲಿ ಮೊದಲು ಕಳಿಸಿದ್ದು ಎಲ್ಲಕ್ಕಿಂತ ದೂರ ಹೋಗುತ್ತದೆ. ಇಲ್ಲಿ ಮೊದಲ ಎಲ್ಇಡಿ ತನಗೆ ಬಂದ ಮೊದಲ 24 ಬಿಟ್‌ಗಳನ್ನು ಉಳಿಸಿಕೊಂಡು ಮಿಕ್ಕದ್ದನ್ನು ಮುಂದಕ್ಕೆ ಬಿಡುತ್ತದೆ, ಆದ್ದರಿಂದ ಮೊದಲು ಕಳಿಸಿದ್ದು ಹತ್ತಿರದಲ್ಲೇ ನಿಲ್ಲುತ್ತದೆ. ಇದರಿಂದ ಒಂದು ಲಾಭವಿದೆ. ಪಟ್ಟಿ ಎಷ್ಟು ಉದ್ದ ಎಂದು ಪ್ರೋಗ್ರಾಂಗೆ ಗೊತ್ತಿಲ್ಲದಿದ್ದರೂ ಮೊದಲ ಹತ್ತು ದೀಪಗಳು ಸರಿಯಾಗಿಯೇ ಉರಿಯುತ್ತವೆ. 595ರಲ್ಲಿ ಮೊದಲು ಕಳಿಸಿದ ಬಿಟ್ ಎಲ್ಲಿ ನಿಲ್ಲುತ್ತದೆ ಎಂಬುದು ಅದರ ಹಿಂದೆ ಎಷ್ಟು ಬಿಟ್ ಕಳಿಸಿದೆವು ಎಂಬುದರ ಮೇಲೆ ನಿಂತಿದೆ.

ಡಬ್ಲ್ಯುಎಸ್2812ರ ಈ ಅನುಕೂಲಕ್ಕೆ ಬೆಲೆಯೂ ಇದೆ. ವೇಗ ಸೆಕೆಂಡಿಗೆ 8 ಲಕ್ಷ ಬಿಟ್‌ಗೆ ಕಟ್ಟುಬಿದ್ದದ್ದು. ಒಂದು ಎಲ್ಇಡಿಗೆ 30 ಮೈಕ್ರೋಸೆಕೆಂಡ್, ಸಾವಿರ ಎಲ್ಇಡಿಗೆ 30 ಮಿಲಿಸೆಕೆಂಡ್, ಅಂದರೆ ಸೆಕೆಂಡಿಗೆ 33 ಚಿತ್ರ ದಾಟುವಂತಿಲ್ಲ. ಪಲ್ಸ್‌ನ ಅಗಲ ನಿಖರವಾಗಿರಬೇಕಾದ್ದರಿಂದ ಕಳಿಸುವಾಗ ಸಣ್ಣ ಮೈಕ್ರೋಕಂಟ್ರೋಲರ್ ಬೇರೆ ಯಾವುದಕ್ಕೂ ಕಿವಿಗೊಡಲಾರದು. 595 ಹಾಗಲ್ಲ, ಕ್ಲಾಕ್ ನಮ್ಮ ಕೈಯಲ್ಲಿದೆ, ನಡುವೆ ನಿಲ್ಲಿಸಿ ಬೇರೆ ಕೆಲಸ ಮುಗಿಸಿ ಬಂದು ಮುಂದುವರಿಸಿದರೂ ಅದು ಕಾಯುತ್ತದೆ. ಕ್ಲಾಕ್ ತಂತಿಯನ್ನು ಉಳಿಸಿಕೊಂಡ ಎಪಿಎ102 ಎಂಬ ಎಲ್ಇಡಿ ಈ ಸ್ವಾತಂತ್ರ್ಯವನ್ನು ಬಣ್ಣದ ಪಟ್ಟಿಗೂ ತಂದಿದೆ. ಡಬ್ಲ್ಯುಎಸ್2812 ಪೂರ್ತಿ ಬಿಳಿ ಬೆಳಗಿದರೆ ಒಂದಕ್ಕೆ ಸುಮಾರು 60 ಮಿಲಿಆಂಪ್, ಸಾವಿರಕ್ಕೆ 60 ಆಂಪ್. ಅಷ್ಟು ಕರೆಂಟು ತೆಳ್ಳನೆಯ ಪಟ್ಟಿಯ ಒಂದು ತುದಿಯಿಂದ ಹೋಗದು. ನಡುನಡುವೆ ಸರಬರಾಜಿನ ತಂತಿ ಸೇರಿಸಬೇಕು. ಮಾಹಿತಿಗೆ ಒಂದೇ ತಂತಿ ಸಾಕಾದರೂ ಕರೆಂಟಿನ ಪ್ರಶ್ನೆ ಹಾಗೇ ನಿಂತಿದೆ, ಇನ್ನೂ ದೊಡ್ಡದಾಗಿ.

ಒಂದೇ ಬಣ್ಣದ ಸಾಲು ಸಾಕೆನ್ನುವಲ್ಲಿ, ಕೆಟ್ಟರೆ ಊರಲ್ಲೇ ರಿಪೇರಿ ಆಗಬೇಕೆನ್ನುವಲ್ಲಿ ನಾನು ಇಂದಿಗೂ 595ರ ಪಕ್ಷ. ಒಂದು ಎಲ್ಇಡಿ ಸತ್ತರೆ ಅದೊಂದೇ ಕತ್ತಲಾಗುತ್ತದೆ, ಸರಪಳಿ ನಿಲ್ಲುವುದಿಲ್ಲ. ಹದಿನಾರು ಕಾಲಿನ ಐಸಿಯನ್ನು ಸಾಕೆಟ್ಟಿನಲ್ಲಿ ಕೂರಿಸಿದ್ದರೆ ಬೆಸುಗೆ ಕಡ್ಡಿಯೂ ಬೇಡ. ಕನ್ನಡದ ಫಲಕಗಳಿಗೂ ಇದು ಅನ್ವಯಿಸುತ್ತದೆ. ಶಿಫ್ಟ್ ರಿಜಿಸ್ಟರ್‌ಗೆ ಅಕ್ಷರ ಗೊತ್ತಿಲ್ಲ, ಬಿಟ್ ಮಾತ್ರ ಗೊತ್ತು. ಒತ್ತಕ್ಷರ ಜೋಡಿಸುವುದು ಫೋನ್ ಅಥವಾ ಕಂಪ್ಯೂಟರಿನ ಕೆಲಸ. ಅದು ಚಿತ್ರವಾಗಿ ಬಂದರೆ ಫಲಕ ಯಾವ ಲಿಪಿಯನ್ನಾದರೂ ತೋರಿಸುತ್ತದೆ. ಇಕ್ಕಟ್ಟು ಇರುವುದು 16 ಸಾಲುಗಳ ಎತ್ತರದಲ್ಲಿ. ಮೇಲೆ ಗುಡಿಸು, ಕೆಳಗೆ ಒತ್ತು ಎರಡಕ್ಕೂ ಜಾಗ ಬಿಟ್ಟರೆ ನಡುವಿನ ಅಕ್ಷರಕ್ಕೆ ಅರ್ಧದಷ್ಟು ಸಾಲುಗಳೇ ಉಳಿಯುತ್ತವೆ. ‘ರಾಷ್ಟ್ರೀಯ’ ಎಂಬ ಪದ ಒಂದು ಪ್ಯಾನೆಲ್ ಎತ್ತರದಲ್ಲಿ ಮುದ್ದೆಯಾಗಿ ಕಾಣುವುದು ಇದರಿಂದ. ಎರಡು ಪ್ಯಾನೆಲ್ ಒಂದರ ಮೇಲೊಂದು ಇಟ್ಟ ಫಲಕಗಳಲ್ಲಿ ಕನ್ನಡ ಎಷ್ಟು ಸಲೀಸಾಗಿ ಓದಿಸಿಕೊಳ್ಳುತ್ತದೆ ನೋಡಿ.

ಮೈಕ್ರೋಕಂಟ್ರೋಲರ್ ಇಲ್ಲದೆಯೂ ಶಿಫ್ಟ್ ರಿಜಿಸ್ಟರ್ ಆಡಬಲ್ಲದು ಎಂಬುದು ಈಚೆಗೆ ಮರೆತುಹೋಗುತ್ತಿದೆ. 74ಎಚ್‌ಸಿ164ರ ಕೊನೆಯ ಪಿನ್ನನ್ನು ತಿರುವುಮುರುವು ಮಾಡಿ ಡೇಟಾ ಪಿನ್ನಿಗೇ ಕೊಟ್ಟರೆ ಜಾನ್ಸನ್ ಕೌಂಟರ್. ಎಂಟು ದೀಪಗಳು ಒಂದೊಂದಾಗಿ ತುಂಬಿಕೊಂಡು, ಒಂದೊಂದಾಗಿ ಆರುತ್ತಾ 16 ಹೆಜ್ಜೆಯ ಸುತ್ತು ಹೊಡೆಯುತ್ತವೆ. ಶುರುವಿನಲ್ಲಿ ಒಮ್ಮೆ ಕ್ಲಿಯರ್ ಮಾಡದಿದ್ದರೆ ಬೇರೆಯದೇ ಸುತ್ತಿಗೆ ಸಿಲುಕಬಹುದು. 8, 6, 5, 4ನೆಯ ಮನೆಗಳನ್ನು ಎಕ್ಸಾರ್ ಗೇಟುಗಳಲ್ಲಿ ಬೆರೆಸಿ ಹಿಂದಕ್ಕೆ ಕೊಟ್ಟರೆ 255 ಹೆಜ್ಜೆ ನಡೆದ ಮೇಲೇ ಪುನರಾವರ್ತಿಸುವ, ನಕ್ಷತ್ರದಂತೆ ಅಡ್ಡಾದಿಡ್ಡಿ ಮಿನುಗುವ ಸಾಲು ಸಿಗುತ್ತದೆ. ಎಲ್ಲ ಮನೆಗಳೂ ಸೊನ್ನೆಯಾದರೆ ಅದು ಶಾಶ್ವತವಾಗಿ ನಿಂತುಬಿಡುತ್ತದೆ, ಆದ್ದರಿಂದ ಶುರುವಿನಲ್ಲಿ ಒಂದಾದರೂ 1 ಒಳಗಿರಬೇಕು. ಮೂರು ಗೇಟು, ಒಂದು ರಿಜಿಸ್ಟರ್, ಒಂದು ಟೈಮರ್. ಒಂದು ಸಾಲು ಪ್ರೋಗ್ರಾಂ ಇಲ್ಲ.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಡಿಜಿಟಲ್ ಲ್ಯಾಬಿನಲ್ಲಿ ಶಿಫ್ಟ್ ರಿಜಿಸ್ಟರ್ ಬಹುಕಾಲದಿಂದ ಇದೆ. ನಾಲ್ಕು ಬಿಟ್‌ನ 7495 ಐಸಿಯನ್ನು ಟ್ರೈನರ್ ಕಿಟ್ಟಿಗೆ ಚುಚ್ಚಿ, ರಿಂಗ್ ಕೌಂಟರ್, ಜಾನ್ಸನ್ ಕೌಂಟರ್ ಮಾಡಿ, ಕೋಷ್ಟಕ ತುಂಬಿ ಸಹಿ ಹಾಕಿಸಿಕೊಂಡವರು ಕರ್ನಾಟಕದಲ್ಲಿ ತಲೆಮಾರುಗಟ್ಟಲೆ ಇದ್ದಾರೆ. ಅಲ್ಲಿ ಎಲ್ಇಡಿ ಉತ್ತರ ತೋರಿಸುವ ಸೂಚಕ ಮಾತ್ರ. ಅದಕ್ಕೆ ಹೋಗುವ ಕರೆಂಟು ಕಿಟ್ಟಿನ ಪೆಟ್ಟಿಗೆಯೊಳಗೆ ಬಚ್ಚಿಟ್ಟಿರುತ್ತದೆ, ವಿದ್ಯಾರ್ಥಿಯ ಲೆಕ್ಕಕ್ಕೆ ಬರುವುದೇ ಇಲ್ಲ. ಕೋಷ್ಟಕದಲ್ಲಿ ಪೂರ್ಣಾಂಕ ಪಡೆದವರು ಮೊದಲ ಪ್ರಾಜೆಕ್ಟಿನಲ್ಲಿ ಎಂಟು 220 ಓಮ್ ರೆಸಿಸ್ಟರ್ ಹಾಕುವುದು ಇದರಿಂದಲೇ.

ಅದೇ ಲ್ಯಾಬಿನಲ್ಲಿ ಇನ್ನೊಂದು ಗಂಟೆ ಸಿಕ್ಕರೆ ಸಾಕು. ಬ್ರೆಡ್‌ಬೋರ್ಡಿನ ಮೇಲೆ ಒಂದು 595, ಎಂಟು ಕೆಂಪು ಎಲ್ಇಡಿ, ತಲಾ 1000 ಓಮ್ ರೆಸಿಸ್ಟರ್. ಐಸಿಯ ಹದಿನಾರನೆಯ ಪಿನ್ನಿಗೆ ಹೋಗುವ ತಂತಿಯನ್ನು ಬಿಚ್ಚಿ ನಡುವೆ ಮಲ್ಟಿಮೀಟರನ್ನು ಮಿಲಿಆಂಪ್‌ನಲ್ಲಿ ಸೇರಿಸಿ, ದೀಪಗಳನ್ನು ಒಂದೊಂದಾಗಿ ಹತ್ತಿಸುತ್ತಾ ಅಂಕಿ ಬರೆದುಕೊಳ್ಳಬೇಕು. ಆಮೇಲೆ ಒಂದೇ ಒಂದು ದೀಪದ ರೆಸಿಸ್ಟರನ್ನು 220ಕ್ಕೆ ಬದಲಿಸಿ, ಆ ಹೊರಪಿನ್ನಿಗೂ ಗ್ರೌಂಡಿಗೂ ನಡುವಿನ ವೋಲ್ಟೇಜನ್ನು ಮೊದಲೂ ಆಮೇಲೂ ಅಳೆಯಬೇಕು. 1 ಎಂದರೆ 5 ವೋಲ್ಟ್ ಎಂದು ಬರೆದುಕೊಂಡ ಪಿನ್ ಭಾರ ಹೆಚ್ಚಿದಾಗ ಎಷ್ಟು ಕೆಳಗಿಳಿಯಿತು ಎಂಬುದನ್ನು ಮೀಟರ್ ತೋರಿಸುತ್ತದೆ. ಆ ಇಳಿಕೆಯನ್ನು ಹರಿದ ಕರೆಂಟಿನಿಂದ ಭಾಗಿಸಿದರೆ ಐಸಿಯೊಳಗಿನ ತಡೆ ಎಷ್ಟು ಓಮ್ ಎಂಬುದು ವಿದ್ಯಾರ್ಥಿಯ ಕೈಯಲ್ಲೇ ಸಿಗುತ್ತದೆ.